ಸನ್ಮಾನ ಪತ್ರದ ಕೊನೆಯ ಸಾಲು

ಬಾಗಿಲ ಕಿಂಡಿಯಿಂದ ಒಳಗೆ ಬಿದ್ದ ಕರಪತ್ರದಲ್ಲಿ ಅಹಲ್ಯಾಗೆ ಮೊದಲು ಕಂಡದ್ದು ಮುಖವಲ್ಲ, ಶಾಲಿನ ಅಂಚು. ನೇರಳೆ ಬಣ್ಣದ ಶಾಲು, ಎರಡು ಬೆರಳಗಲದ ಜರಿ. ಅಂಥವನ್ನು ಚಿಕ್ಕಪೇಟೆಯಿಂದ ಒಂದು ಡಜನ್ ಹೊತ್ತು ತಂದವಳೇ ಅವಳು. ಶಾಲಿನ ಮೇಲೆ ಏಲಕ್ಕಿ ಹಾರ, ತಲೆಗೆ ಮೈಸೂರು ಪೇಟ, ಕೈಯಲ್ಲಿ ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ. ಇಷ್ಟೆಲ್ಲದರ ನಡುವೆ ನಗುತ್ತಿದ್ದವಳು ಕೌನ್ಸಿಲರ್ ಜೂಡಿ ಹಾರ್ಗ್ರೀವ್. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ವುಲ್ವರ್‌ಹ್ಯಾಂಪ್ಟನ್ನಿನ ಕನ್ನಡಿಗರೆಲ್ಲರೂ ಒಮ್ಮತದಿಂದ ಜೂಡಿಯನ್ನು ಪಾರ್ಲಿಮೆಂಟಿನಲ್ಲಿ ನೋಡಬಯಸುತ್ತಾರೆ. ಅದರಡಿಯಲ್ಲಿ ಕನ್ನಡ ಕೂಟದ ಹೆಸರೂ ಇತ್ತು.

ಅಹಲ್ಯಾ ಕೋಟು ಬಿಚ್ಚದೆ ಅಲ್ಲೇ ನಿಂತು ಅದನ್ನು ಮೂರು ಸಲ ಓದಿದಳು. ಒಮ್ಮತವಂತೆ! ಕನ್ನಡ ಕೂಟದ ಇಪ್ಪತ್ತೇಳು ವರ್ಷಗಳಲ್ಲಿ ಯುಗಾದಿ ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂಬ ವಿಷಯಕ್ಕೂ ಒಮ್ಮತ ಮೂಡಿದ್ದಿಲ್ಲ. ಯಾರೋ ಒಳಗಿನವರೇ ಬೆಂಬಲದ ಪತ್ರ ಬರೆದುಕೊಟ್ಟಿದ್ದಾರೆ ಎಂದು ಅವಳಿಗೆ ಆ ಕ್ಷಣವೇ ಖಾತ್ರಿಯಾಯಿತು.

ಸಂದರ್ಭ ಇದು. ಇಂಗ್ಲೆಂಡಿನ ಆ ಕ್ಷೇತ್ರದ ಹಳೆಯ ಸಂಸದರು ಆರೋಗ್ಯ ಕೆಟ್ಟು ರಾಜೀನಾಮೆ ಕೊಟ್ಟಿದ್ದರು. ಉಪಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಪಕ್ಷದ ಸ್ಥಳೀಯ ಸದಸ್ಯರೇ ಮತ ಹಾಕಿ ಆರಿಸಬೇಕು. ಸದಸ್ಯರು ನಾನೂರ ಹನ್ನೆರಡು, ಅವರಲ್ಲಿ ಕನ್ನಡದವರು ಮೂವತ್ತೆಂಟು. ಕಣದಲ್ಲಿ ಉಳಿದವರು ಇಬ್ಬರು. ಒಬ್ಬಳು ಜೂಡಿ, ಇಪ್ಪತ್ತು ವರ್ಷದಿಂದ ನಗರದ ಕೌನ್ಸಿಲಿನಲ್ಲಿ ಬೇರು ಬಿಟ್ಟವಳು. ಇನ್ನೊಬ್ಬಳು ಸ್ವಸ್ತಿಕಾ, ಮಂಗಳೂರು ಕಡೆಯ ರತ್ನಾಕರ ಮತ್ತು ಚಿತ್ರಾಕ್ಷಿಯರ ಮಗಳು, ಮೂವತ್ತೆರಡರ ವಕೀಲೆ, ಮೂರು ವರ್ಷದ ಹಿಂದಷ್ಟೇ ಕೌನ್ಸಿಲರ್ ಆದವಳು. ಮತದಾನಕ್ಕೆ ಉಳಿದಿದ್ದದ್ದು ಹತ್ತು ದಿನ. ಇಬ್ಬರ ಕಾರ್ಯಕರ್ತರ ಪಟ್ಟಿಯಲ್ಲೂ 'ದಕ್ಷಿಣ ಏಷ್ಯಾದವರು' ಎಂಬ ಒಂದೇ ಖಾನೆ. ಪಂಜಾಬಿ, ಗುಜರಾತಿ, ತಮಿಳು, ಕನ್ನಡ ಎಲ್ಲರನ್ನೂ ಅದರೊಳಗೇ ತುರುಕಿದ್ದರು. ಲಂಡನ್ನಿನಿಂದ ಪಕ್ಷದವರು ಯಾರೋ ಫೋನ್ ಮಾಡಿ, ನಿಮ್ಮ ಸಮುದಾಯ ಯಾರ ಕಡೆ ಎಂದು ಅಹಲ್ಯಾಳನ್ನು ಕೇಳಿದ್ದೂ ಉಂಟು. ನಮ್ಮ ಮನೆಯಲ್ಲಿರುವ ಇಬ್ಬರೇ ಒಂದು ಕಡೆ ಇಲ್ಲ ಎಂದು ಅವಳು ಫೋನ್ ಇಟ್ಟಿದ್ದಳು.

ಅಹಲ್ಯಾ ಕೂಟದ ಅಧ್ಯಕ್ಷೆ. ಕೂಟ ಯಾರ ಪರವೂ ನಿಲ್ಲಬಾರದೆಂದು ನಿಯಮಾವಳಿಯಲ್ಲೇ ಇದೆ, ಅದನ್ನು ಬರೆದವಳೂ ಅವಳೇ. ಆದರೆ ಅಧ್ಯಕ್ಷೆಗೂ ಮನಸ್ಸೆಂಬುದು ಇರುತ್ತದಲ್ಲ. ಶನಿವಾರದ ಕನ್ನಡ ತರಗತಿಯಲ್ಲಿ ಸ್ವಸ್ತಿಕಾಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅಹಲ್ಯಾ. ಏಳು ವರ್ಷದ ಆ ಹುಡುಗಿ ರಾಜ್ಯೋತ್ಸವದ ವೇದಿಕೆಯಲ್ಲಿ ಪದ್ಯ ಹೇಳಲು ನಿಂತು, ಸಭೆ ನೋಡಿ ಹೆದರಿ, ಬಾಯಿ ತೆರೆದರೂ ದನಿ ಹೊರಡದೆ ನಿಂತುಬಿಟ್ಟಿತ್ತು. ಅಹಲ್ಯಾ ಹಿಂದಿನಿಂದ ಹೋಗಿ ಅದರ ಬೆನ್ನಿನ ಮೇಲೆ ಕೈ ಇಟ್ಟು ಸುಮ್ಮನೆ ನಿಂತಳು. ಸ್ವಲ್ಪ ಹೊತ್ತಿಗೆ ಪದ್ಯ ಮೊದಲಿನಿಂದ ಕೊನೆಯವರೆಗೂ ಒಂದೇ ಉಸಿರಿಗೆ ಹೊರಬಂತು. ಮಕ್ಕಳಿಲ್ಲದ ಅಹಲ್ಯಾಗೆ ಆ ಪುಟ್ಟ ಬೆನ್ನಿನ ನಡುಕ ಇವತ್ತಿಗೂ ಅಂಗೈಯಲ್ಲಿ ನೆನಪಿದೆ.

ಹಾಗಾಗಿ ಅವಳು ಕೂಟದ ಹೆಸರು ಹೇಳದೆ, ಬರೀ ಅಹಲ್ಯಾ ಆಗಿ, ಮೂರು ಶನಿವಾರ ಸ್ವಸ್ತಿಕಾಳ ಜೊತೆ ಸದಸ್ಯರ ಮನೆಮನೆ ಸುತ್ತಿದ್ದಳು. ಬಾಗಿಲು ತೆರೆದವರು ಎಂಥ ಸುಳ್ಳು ಹೇಳಿದರೂ ಸ್ವಸ್ತಿಕಾ ತಲೆ ಒಂದಿಷ್ಟು ವಾಲಿಸಿ, ಮೆತ್ತಗೆ, 'ನಂಬ್ತೀನಿ, ಖಂಡಿತ ನಂಬ್ತೀನಿ' ಎನ್ನುವಳು. ಗೇಟು ದಾಟಿದೊಡನೆ, 'ಇವರ ವೋಟು ನಮಗಿಲ್ಲ ಆಂಟಿ' ಎಂದು ಪಟ್ಟಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆಯುವಳು. ಅದಕ್ಕೆ ಅಹಲ್ಯಾ 'ನಿನ್ನ ಬಾಗಿಲ ದನಿ' ಎಂದು ಹೆಸರಿಟ್ಟು ತಮಾಷೆ ಮಾಡುತ್ತಿದ್ದಳು.

ಕರಪತ್ರ ಕೈಯಲ್ಲಿರುವಾಗಲೇ ಫೋನ್ ಬಂತು. ಚಿತ್ರಾಕ್ಷಿ.

"ಅಹಲ್ಯಾ, ಎಂತ ಇದು? ನಮ್ಮ ಮನೆಗೂ ಬಂದು ಬಿದ್ದಿದೆ ಒಂದು."

"ನಂಗೂ ಈಗ್ಲೇ ಗೊತ್ತಾಗಿದ್ದು ಚಿತ್ರಾಕ್ಷಿ. ಯಾರು ಕೊಟ್ರು ಅಂತ ಕಂಡುಹಿಡೀತೀನಿ."

"ಕಂಡುಹಿಡೀಲಿಕ್ಕೆ ಎಂತ ಉಂಟು? ಕೂಟದ ಹೆಸರು ಉಂಟಲ್ಲ ಅದರಲ್ಲಿ. ಕೂಟ ಅಂದ್ರೆ ನೀವು." ಚಿತ್ರಾಕ್ಷಿಯ ದನಿ ಒಡೆಯಿತು. "ಎದುರಿಗೆ ಒಟ್ಟಿಗೆ ನಡೆಯೂದು, ಹಿಂದಿನಿಂದ ಬರ್ದು ಕೊಡೂದು. ನಮ್ಮ ಹುಡುಗಿ ನಿಮಗೆ ಎಂತ ಮಾಡಿದ್ಲು ಮಾರಾಯ್ತಿ?"

ಇಪ್ಪತ್ತೈದು ವರ್ಷದ ಗೆಳತಿ ಹೀಗೆ ಕೇಳಿದ ಮೇಲೆ ಅಹಲ್ಯಾಗೆ ಊಟ ಸೇರಲಿಲ್ಲ. ಸ್ವಸ್ತಿಕಾ ಸೋತರೆ ಆ ಸೋಲಿನ ಮೇಲೆ ತನ್ನ ಹೆಸರಿರುತ್ತದೆ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಸಂಕಟಕ್ಕಿಂತ ಹೆಚ್ಚಾಗಿ ಕೋಪ.

ಅಹಲ್ಯಾ ಕೆಲಸ ಮಾಡುವುದು ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ, ಗುಣಮಟ್ಟ ತಪಾಸಣೆಯ ವಿಭಾಗದಲ್ಲಿ. ಒಂದು ಬೋಲ್ಟು ಬಿರುಕು ಬಿಟ್ಟರೆ ಐದು ಸಲ 'ಯಾಕೆ' ಎಂದು ಕೇಳುತ್ತಾ ಮೂಲಕ್ಕೆ ಹೋಗಬೇಕು. ತಪ್ಪು ಯಾರದೆಂದು ಹುಡುಕಬೇಡಿ, ಎಲ್ಲಿಂದ ಬಂತೆಂದು ಹುಡುಕಿ ಎಂದು ಹೊಸಬರಿಗೆ ಪಾಠ ಹೇಳುವವಳು ಅವಳು. ಕಾಗದದ ಪ್ರತಿಯೊಂದು ಆವೃತ್ತಿಗೂ ನಂಬರು, ದಿನಾಂಕ, ಸಹಿ ಇರಬೇಕೆಂದು ಜೀವ ತಿನ್ನುವವಳೂ ಅವಳೇ. ಆದರೆ ಆ ರಾತ್ರಿ ಊಟದ ಮೇಜಿನ ಮೇಲೆ ನೋಟ್‌ಬುಕ್ ತೆರೆದು ಅವಳು ಬರೆದದ್ದು ಬರೀ 'ಯಾರು' ಎಂಬ ಪಟ್ಟಿ.

ಮೊದಲ ಹೆಸರು ಅಚ್ಯುತ. ಕೂಟದ ಕಾರ್ಯದರ್ಶಿ, ಮೈಸೂರಿನವರು, ಬರ್ಮಿಂಗ್‌ಹ್ಯಾಮಿನ ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರ್. ನಮ್ಮವರೆಂದು ಮತ ಹಾಕುವುದಾದರೆ ವಿಮಾನ ಹತ್ತಿ ಇಲ್ಲಿಯವರೆಗೆ ಬರಬೇಕಿತ್ತೇ ಎಂದು ದೀಪಾವಳಿಯ ಊಟದಲ್ಲಿ ಎಲ್ಲರೆದುರು ಅಂದವರು. ಫೋಟೋಗಳ ಆಲ್ಬಮ್ ಅವರ ಬಳಿಯೇ ಇರುತ್ತದೆ. ಕಳೆದ ತಿಂಗಳು ಜೂಡಿಯ ಕಚೇರಿಯಿಂದ ಅವರು ಹೊರಬರುವುದನ್ನು ಅಹಲ್ಯಾ ಬಸ್ಸಿನ ಕಿಟಕಿಯಿಂದ ಎರಡು ಸಲ ನೋಡಿದ್ದಳು. ಒಂದು ಸಲವಾದರೆ ಬಿಡಬಹುದು, ಎರಡು ಸಲ!

ಎರಡನೆಯ ಹೆಸರು ಬರೆಯುವಾಗ ಗಂಡ ಕೆಂಪಣ್ಣ ಹಿಂದಿನಿಂದ ಇಣುಕಿದ.

"ಇದೇನಿದು, ನನ್ನ ಹೆಸರೂ ಇದೆ?"

"ಸುಮ್ನೆ ಇರ್ರೀ. ಎಲ್ಲಾರ್ನೂ ಬರೀಬೇಕು. ನೀವು ಜೂಡಿಗೇ ವೋಟ್ ಹಾಕ್ತೀನಿ ಅಂದೋರು ತಾನೆ?"

"ಹಾಕ್ತೀನಿ ಅಂದೆ. ಕದ್ದು ಪತ್ರ ಕೊಡ್ತೀನಿ ಅಂದ್ನಾ?" ಕೆಂಪಣ್ಣ ನಕ್ಕ. ಅವಳು ನಗಲಿಲ್ಲ. ಅವನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಟ ಮಗುಚಿದಳು.

ಒಮ್ಮೆ ಅನುಮಾನದ ಕನ್ನಡಕ ಹಾಕಿಕೊಂಡ ಮೇಲೆ ಕಾಣಿಸದಿರುವುದು ಯಾವುದು? ಗುರುವಾರ ವಾಟ್ಸಾಪ್ ಗುಂಪಿನಲ್ಲಿ ಕರಪತ್ರದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ; ಅದೇ ಅವಳಿಗೆ ಸಾಕ್ಷಿಯಾಯಿತು. ಶುಕ್ರವಾರ ಶ್ರೀಲಕ್ಷ್ಮಿ ಎಂಬ ಸದಸ್ಯೆ ಫೋನ್ ಮಾಡಿ, ಕೂಟದವರೇ ತೀರ್ಮಾನ ಮಾಡಿದ್ದರೆ ನಾವು ಹತ್ತು ಹನ್ನೆರಡು ಜನ ಜೂಡಿಗೇ ಹಾಕುತ್ತೇವೆ, ಒಡಕು ಯಾಕೆ ಎಂದಳು. ಕೂಟ ಯಾವ ತೀರ್ಮಾನವನ್ನೂ ಮಾಡಿಲ್ಲವೆಂದು ಅಹಲ್ಯಾ ಗಂಟಲು ಹರಿದುಕೊಂಡಳು. 'ಹಾಗಾದ್ರೆ ಕರಪತ್ರದಲ್ಲಿ ಹೆಂಗೆ ಬಂತು?' ಎಂದಳು ಶ್ರೀಲಕ್ಷ್ಮಿ. ಅವಳಿಗೂ ಅಹಲ್ಯಾಳ ಮೇಲೇ ಗುಮಾನಿ ಎಂಬುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂಟದ ಸಮಿತಿ ಸೇರಿತು. ಶನಿವಾರದ ಕನ್ನಡ ತರಗತಿ ನಡೆಯುವುದೂ ಅದೇ ಕೋಣೆಯಲ್ಲಿ. ಬೀಗದ ಕೈ ಇರುವುದು ಅಚ್ಯುತರ ಬಳಿ. ಏಳು ಜನ ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕುಳಿತಿದ್ದರು. ಅಹಲ್ಯಾ ಕರಪತ್ರವನ್ನು ಮೇಜಿನ ಮೇಲಿಟ್ಟು ನೇರವಾಗಿ ಅಚ್ಯುತರನ್ನು ನೋಡಿದಳು.

"ಜೂಡಿ ಆಫೀಸಿಗೆ ನೀವು ಎರಡು ಸಲ ಹೋಗಿದ್ರಿ. ಯಾಕೆ ಅಂತ ಹೇಳ್ತೀರಾ?"

ಅಚ್ಯುತರ ಮುಖ ಕೆಂಪಾಯಿತು. "ಈ ರೂಮ್ ನಮಗೆ ಏಪ್ರಿಲ್‌ವರೆಗೆ ಮಾತ್ರ ಇದ್ದಿದ್ದು, ಮೇಡಂ. ಇನ್ನೊಂದು ವರ್ಷಕ್ಕೆ ಮುಂದುವರಿಸಿ ಅಂತ ಕೇಳೋಕೆ ಹೋಗಿದ್ದೆ. ಆಯ್ತು ಅಂದ್ರು. ಇವತ್ತಿನ ಮೀಟಿಂಗಲ್ಲಿ ಅದನ್ನೇ ಹೇಳೋಣ ಅಂತ ಖುಷಿಯಾಗಿ ಬಂದೆ."

"ಅದಕ್ಕೆ ಬದಲಾಗಿ ಪತ್ರ ಬರ್ಕೊಟ್ರಾ?"

ಅಚ್ಯುತ ಎದ್ದು, ಕೋಟಿನ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ಹದಿನಾಲ್ಕು ವರ್ಷ ಕೂಟಕ್ಕೆ ಕುರ್ಚಿ ಜೋಡ್ಸಿದೀನಿ. ನಾನು ಯಾರಿಗೂ ಏನೂ ಬರ್ಕೊಟ್ಟಿಲ್ಲ. ಬರೆಯೋರು ಯಾವಾಗ್ಲೂ ನೀವೇ ಅಲ್ವಾ, ಮೇಡಂ?" ಎಂದು ಹೇಳಿ ಹೊರಟುಹೋದರು. ಆ ಮಾತನ್ನು ಅಹಲ್ಯಾ ಚುಚ್ಚುಮಾತು ಎಂದುಕೊಂಡಳು. ಅದರಲ್ಲಿ ಬೇರೇನಾದರೂ ಇರಬಹುದೆಂದು ಹೊಳೆಯಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿ ಜೂಡಿಯ ಕಚೇರಿಗೇ ನುಗ್ಗಿದಳು. ಕರಪತ್ರ ವಾಪಸ್ ತೆಗೆದುಕೊಳ್ಳಬೇಕು, ಕೊಟ್ಟವರ ಹೆಸರು ಹೇಳಬೇಕು ಎಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡಿದ್ದಳು. ಜೂಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಬನ್ನಿ, ಬನ್ನಿ. ನಿಮಗೆ ಥ್ಯಾಂಕ್ಸ್ ಹೇಳಬೇಕೆಂದೇ ಇದ್ದೆ."

"ನನಗೆ ಯಾಕೆ?"

ಜೂಡಿ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಕಳೆದ ನವೆಂಬರಿನ ರಾಜ್ಯೋತ್ಸವದಲ್ಲಿ ಕೊಟ್ಟ ಸನ್ಮಾನ ಪತ್ರ ತೂಗುತ್ತಿತ್ತು. ಲೈಬ್ರರಿಯ ಕೋಣೆ ಕೊಡಿಸಿದ್ದಕ್ಕೆ ಕೂಟ ಅವಳಿಗೆ ಮಾಡಿದ ಸನ್ಮಾನ. ಆಗ ಸಂಸದರ ರಾಜೀನಾಮೆಯ ಸುದ್ದಿಯೇ ಇರಲಿಲ್ಲ. ಪಕ್ಕದಲ್ಲಿ ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ ಇಂಗ್ಲಿಷ್ ಅನುವಾದ, ಕೆಳಗೆ ಅನುವಾದ ಸಂಸ್ಥೆಯ ಮೊಹರು.

"ಓದಲು ಬರುವುದಿಲ್ಲವಲ್ಲ, ಏನು ಬರೆದಿದ್ದೀರೋ ಎಂಬ ಕುತೂಹಲ. ನಾನೇ ಕಟ್ಟಿದ್ದೆಂದು ಯಾರೂ ಹೇಳಬಾರದೆಂದು ವೃತ್ತಿಪರರಿಂದಲೇ ಮಾಡಿಸಿದೆ," ಎಂದಳು ಜೂಡಿ. "ಅನುವಾದದಲ್ಲಿ ತಪ್ಪಿದ್ದರೆ ಹೇಳಿ."

ಅಹಲ್ಯಾ ಕನ್ನಡ ಓದಿದಳು. ಚೌಕಟ್ಟಿನೊಳಗಿನ ಕೊನೆಯ ಸಾಲು ಹೀಗಿತ್ತು: 'ತಮ್ಮ ದನಿ ವೆಸ್ಟ್‌ಮಿನ್‌ಸ್ಟರ್‌ನ ಸಭಾಂಗಣದಲ್ಲಿ ಕೇಳಿಬರುವ ದಿನ ಬೇಗ ಬರಲೆಂದು ವುಲ್ವರ್‌ಹ್ಯಾಂಪ್ಟನ್ನಿನ ಸಮಸ್ತ ಕನ್ನಡಿಗರು ಒಕ್ಕೊರಲಿನಿಂದ ಹಾರೈಸುತ್ತಾರೆ.' ಅದರ ಕೆಳಗೆ ಅಧ್ಯಕ್ಷೆಯ ಸಹಿ. ಸಹಿ ಅವಳದೇ. ಅನುವಾದದಲ್ಲಿ ಒಂದು ತಪ್ಪೂ ಇರಲಿಲ್ಲ. ಕನ್ನಡದಲ್ಲಿ ಏಲಕ್ಕಿ ಹಾರದ ಹಾಗೆ ಘಮಘಮಿಸುತ್ತಿದ್ದ ಮಾತು ಇಂಗ್ಲಿಷಿನಲ್ಲಿ ಒಪ್ಪಂದದ ಕಾಗದವಾಗಿ ಕುಳಿತಿತ್ತು, ಅಷ್ಟೇ.

"ಇದು... ಇದು ನಾವು ಎಲ್ಲ ಅತಿಥಿಗಳಿಗೂ ಮಾಡುವ ಉಪಚಾರ. ಹಾರೈಕೆ ಮಾತ್ರ," ಎಂದಳು ಅಹಲ್ಯಾ.

ಜೂಡಿ ಮುನಿಸಿಕೊಳ್ಳಲಿಲ್ಲ, ಬೆರಗಿನಿಂದ ನೋಡಿದಳು. "ನಿಮ್ಮನ್ನು ಪಾರ್ಲಿಮೆಂಟಿನಲ್ಲಿ ಕಾಣಲು ನಾವೆಲ್ಲರೂ ಬಯಸುತ್ತೇವೆ ಎಂದು ಸಹಿ ಹಾಕಿ ಕೊಟ್ಟರೆ ನಮ್ಮಲ್ಲಿ ಅದನ್ನು ಬೆಂಬಲ ಎನ್ನುತ್ತೇವೆ. ನಾಲ್ಕು ನೂರು ಜನರ ಮುಂದೆ ಓದಿ ಕೊಟ್ಟಿರಿ. ಹಾರ ಹಾಕಿದಿರಿ. ನಾನು ಏನೆಂದು ತಿಳಿಯಬೇಕಿತ್ತು?"

ಅಹಲ್ಯಾ ಐದು ದಿನದಿಂದ ಊರೆಲ್ಲ ಹುಡುಕಿದ ಕಳ್ಳಿ ಸ್ವತಃ ಅವಳೇ. ಅಚ್ಯುತರು ಮೇಜಿನ ಮೇಲಿಟ್ಟು ಹೋದ ಬೀಗದ ಕೈ ಅವಳಿಗೆ ನೆನಪಾಯಿತು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದಳು. 'ಸನ್ಮಾನ ಪತ್ರ' ಎಂಬ ಒಂದೇ ಒಂದು ಫೈಲು. ಹದಿನಾಲ್ಕು ವರ್ಷದಿಂದ ಅದೇ. ಅತಿಥಿ ಬದಲಾದಾಗ ಹೆಸರು ಬದಲಿಸುವುದು, ಹುದ್ದೆ ಬದಲಿಸುವುದು, ಅದರ ಮೇಲೇ ಉಳಿಸುವುದು. 'ಅಪ್ರತಿಮ ಸೇವಾಮೂರ್ತಿ', 'ನಿಷ್ಕಲ್ಮಶ ಹೃದಯಿ' ಎಲ್ಲವೂ ಅಗ್ನಿಶಾಮಕ ಠಾಣೆಯ ಅಧಿಕಾರಿಗೂ ದಂತವೈದ್ಯರಿಗೂ ಭರತನಾಟ್ಯದ ಗುರುಗಳಿಗೂ ಸಮಾನವಾಗಿ ಹಂಚಿಕೆಯಾಗಿದ್ದವು. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಹಳೆಯ ಕಾಗದದ ಮೇಲೆ ಹೊಸದನ್ನು ಬರೆದಿದ್ದರೆ ಅವಳು ಅವರನ್ನು ಹುರಿದು ಮುಕ್ಕುತ್ತಿದ್ದಳು.

ಆದರೆ ಆ ಕೊನೆಯ ಸಾಲು ಹದಿನಾಲ್ಕು ವರ್ಷದ್ದಲ್ಲ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಮೂರು ವರ್ಷದ ಹಿಂದೆ ಸ್ವಸ್ತಿಕಾ ಕೌನ್ಸಿಲರ್ ಆದಾಗ ಕೂಟ ಅವಳನ್ನು ಸನ್ಮಾನಿಸಿತ್ತು. ಅದರ ಹಿಂದಿನ ದಿನ ಸಂಜೆ ಇದೇ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ವೇದಿಕೆಯ ಮೇಲೆ ದನಿ ಕಟ್ಟಿದ ಆ ಏಳು ವರ್ಷದ ಹುಡುಗಿಯನ್ನು ನೆನೆದು, ಕಣ್ಣು ಒರೆಸಿಕೊಳ್ಳುತ್ತಾ ಅಹಲ್ಯಾ ಆ ಸಾಲನ್ನು ಹೊಸದಾಗಿ ಸೇರಿಸಿದ್ದಳು. 'ತಮ್ಮ ದನಿ' ಎಂದರೆ ಆ ದನಿ. ಆಮೇಲೆ ಬಂದ ಅಗ್ನಿಶಾಮಕ ಅಧಿಕಾರಿಗೆ ಹೆಸರಷ್ಟೇ ಬದಲಿಸಿದಳು, ಸಾಲು ಹಾಗೇ ಉಳಿಯಿತು. ಪಾಪ, ಅವರ ದನಿಯೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೇಳಿಬರಲೆಂದು ಸಮಸ್ತ ಕನ್ನಡಿಗರು ಹಾರೈಸಿದರು. ಅವರ ನಂತರ ಭರತನಾಟ್ಯದ ಗುರು, ಅವರ ನಂತರ ಜೂಡಿ.

ಎಲ್ಲವನ್ನೂ ಕೆಂಪಣ್ಣನಿಗೆ ಹೇಳಿದಳು. ಅವನು ಚಹಾ ಹೀರುತ್ತಾ ಕೇಳಿಸಿಕೊಂಡ.

"ಶನಿವಾರ ವೋಟಿಂಗ್ ಮೀಟಿಂಗಲ್ಲಿ ಎದ್ದು ನಿಂತು ಇದನ್ನೇ ಹೇಳ್ತೀನಿ," ಎಂದಳು. "ಆ ಮಾತು ಸ್ವಸ್ತಿಕಾಗೆ ಅಂತ ಬರೆದದ್ದು, ಜೂಡಿಗೆ ನನ್ನ ಸೋಮಾರಿತನದಿಂದ ಹೋಯ್ತು ಅಂತ."

"ಯಾರು ನಂಬ್ತಾರೆ? ಮೂರು ವಾರ ಅವಳ ಜೊತೆ ಮನೆ ಮನೆ ಸುತ್ತಿದೋಳು ನೀನು. ಕಥೆ ಕಟ್ತಿದಾಳೆ ಅಂತಾರೆ. ಹಳೇ ಫೈಲ್ ಇದೆಯಾ?"

"ಇಲ್ಲ."

"ಮತ್ತೆ? ಒಂದೇ ಪತ್ರ ಎಲ್ಲಾರಿಗೂ ಕೊಡ್ತೀವಿ, ಸ್ವಸ್ತಿಕಾಗೂ ಅದೇ, ಜೂಡಿಗೂ ಅದೇ ಅನ್ನು. ಅದನ್ನ ಯಾರೂ ಅಲ್ಲಗಳೆಯೋ ಹಂಗಿಲ್ಲ. ಫೋಟೋಗಳೇ ಇವೆಯಲ್ಲ. ಹುಡುಗಿ ಉಳ್ಕೋಬೇಕು ಅಂದ್ರೆ ಅಷ್ಟೇ ಹೇಳು."

ಗಂಡನ ಮಾತಿನಲ್ಲಿ ಲೆಕ್ಕ ಸರಿಯಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಉಳಿದ ಅರ್ಧವನ್ನು ಸ್ವಸ್ತಿಕಾಳಿಗೆ ಆಮೇಲೆ ತಾನೇ ಹೇಳಿದರಾಯಿತು ಎಂದುಕೊಂಡಳು ಅಹಲ್ಯಾ. ಬುಧವಾರ ಒಮ್ಮೆ ಫೋನ್ ಮಾಡಿದಳು ಕೂಡ. ಸ್ವಸ್ತಿಕಾ ಪ್ರಚಾರದಲ್ಲಿದ್ದಳು, ಎತ್ತಲಿಲ್ಲ. ಎತ್ತದಿದ್ದದ್ದಕ್ಕೆ ಚಿತ್ರಾಕ್ಷಿಯೇ ಕಾರಣವೆಂದು ಅನುಮಾನಪಟ್ಟು ಮತ್ತೆ ಮಾಡಲಿಲ್ಲ. ಪಾಠ ಕಲಿತ ಮೇಲೂ ಚಟ ಬಿಡುವುದು ಅಷ್ಟು ಸುಲಭವಲ್ಲ.

ಶನಿವಾರ ಹನ್ನೊಂದಕ್ಕೆ ಚರ್ಚಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಒಂದು ತುದಿಗೆ ಜೂಡಿ, ಇನ್ನೊಂದು ತುದಿಗೆ ಸ್ವಸ್ತಿಕಾ. ಇಬ್ಬರ ಭಾಷಣವೂ ಮುಗಿದ ಮೇಲೆ, ಮತದಾನಕ್ಕೆ ಮೊದಲು, ಸಭಾಧ್ಯಕ್ಷರು ಅಹಲ್ಯಾಗೆ ಎರಡು ನಿಮಿಷ ಕೊಟ್ಟರು. ಅವಳು ಜೂಡಿಗೆ ಮೊದಲೇ ತಿಳಿಸಿದ್ದಳು, ಜೂಡಿ ಬೇಡವೆನ್ನಲಿಲ್ಲ.

"ಆ ಪತ್ರ ಬರೆದವಳು ನಾನು," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು ಅಹಲ್ಯಾ. "ಯಾರೂ ಕದ್ದು ಕೊಟ್ಟಿಲ್ಲ. ನಾನು ಅನುಮಾನಪಟ್ಟವರಲ್ಲಿ, ಮುಖ್ಯವಾಗಿ ಅಚ್ಯುತ ಅವರಲ್ಲಿ, ಎಲ್ಲರ ಎದುರು ಕ್ಷಮೆ ಕೇಳುತ್ತೇನೆ." ನಂತರ ಫೋಟೋಗಳನ್ನು ಒಂದೊಂದಾಗಿ ಎತ್ತಿ ಹಿಡಿದಳು. ಅದೇ ಪೇಟ, ಅದೇ ಶಾಲು, ಅದೇ ಚೌಕಟ್ಟು. "ನಮ್ಮ ಪದ್ಧತಿಯಲ್ಲಿ ಮನೆಗೆ ಬಂದ ಅತಿಥಿಯನ್ನು ಹೊಗಳದೆ ಕಳಿಸುವುದಿಲ್ಲ. ಅಗ್ನಿಶಾಮಕ ಅಧಿಕಾರಿಯನ್ನೂ ಪಾರ್ಲಿಮೆಂಟಿಗೆ ಕಳಿಸಬಯಸಿದ್ದೇವೆ. ಭರತನಾಟ್ಯದ ಗುರುಗಳನ್ನೂ ಕಳಿಸಬಯಸಿದ್ದೇವೆ. ಇದು ಒಂದೇ ಪತ್ರ, ಹೆಸರು ಮಾತ್ರ ಬೇರೆ."

ಸಭೆಯಲ್ಲಿ ನಗೆ ಎದ್ದಿತು. ಜೂಡಿ ಕೂಡ ಹಣೆ ಹಿಡಿದುಕೊಂಡು ನಕ್ಕಳು. ನಗು ಸಿಕ್ಕಿದ ಮೇಲೆ ಅಹಲ್ಯಾಗೆ ಹುರುಪು ಬಂತು. ಕೊನೆಯ ಫೋಟೋ ಎತ್ತಿದಳು. ಅದರಲ್ಲಿ ಪೇಟ ತೊಟ್ಟು ನಿಂತವಳು ಸ್ವಸ್ತಿಕಾ.

"ಇವಳಿಗೂ ಅದೇ. ಅಕ್ಷರ ಅಕ್ಷರವೂ ಅದೇ. ಆದ್ದರಿಂದ ಕನ್ನಡ ಕೂಟ ಇಬ್ಬರಲ್ಲಿ ಯಾರನ್ನೂ ಬೆಂಬಲಿಸಿಲ್ಲ. ನಿಮ್ಮ ಮತ ನಿಮ್ಮದು."

ಜೋರು ಚಪ್ಪಾಳೆ ಬಿತ್ತು. ಕೂರುವ ಮುನ್ನ ಅಹಲ್ಯಾ ವೇದಿಕೆಯ ಕಡೆ ನೋಡಿದಳು. ಎಲ್ಲರೂ ನಗುತ್ತಿದ್ದರು, ಸ್ವಸ್ತಿಕಾಳೂ ನಗುತ್ತಿದ್ದಳು. ಅವಳ ಬಾಯಿ ಮಾತ್ರ ನಗುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಎಣಿಕೆ ಮುಗಿಯಿತು. ಸ್ವಸ್ತಿಕಾ ಎಂಟು ಮತಗಳಿಂದ ಗೆದ್ದಳು. ಚಿತ್ರಾಕ್ಷಿ ಓಡಿಬಂದು ಅಹಲ್ಯಾಳನ್ನು ತಬ್ಬಿಕೊಂಡು, "ನನ್ನ ಬಾಯಿಗೆ ಮಣ್ಣು ಬೀಳ್ಲಿ. ಎಂತೆಂತ ಹೇಳಿದೆ ನಿಮಗೆ!" ಎಂದು ಅತ್ತಳು. ಬಾಗಿಲ ಬಳಿ ನಿಂತಿದ್ದ ಅಚ್ಯುತರಿಗೆ ಅಹಲ್ಯಾ ಬೀಗದ ಕೈ ಚಾಚಿದಳು. ಅವರು ಬೀಗದ ಕೈ ತೆಗೆದುಕೊಂಡರು, ಮಾತು ಮಾತ್ರ ಆಡಲಿಲ್ಲ. ಅದು ತನಗೆ ಆಗಬೇಕಾದ್ದೇ ಎಂದು ಅವಳಿಗೆ ಅನ್ನಿಸಿತು.

ಮರುದಿನ ರತ್ನಾಕರ ಚಿತ್ರಾಕ್ಷಿಯರ ಮನೆಯಲ್ಲಿ ಊಟ. ನೀರುದೋಸೆ, ಕೋಳಿ ಸಾರು, ಅಹಲ್ಯಾ ಮಾಡಿಕೊಂಡು ಹೋದ ಮೈಸೂರುಪಾಕು. ಊಟ ಮುಗಿದ ಮೇಲೆ ಸ್ವಸ್ತಿಕಾ ಹಿಂದಿನ ಕೋಣೆಯಲ್ಲಿ ಕಾಗದಪತ್ರ ಜೋಡಿಸುತ್ತಿದ್ದಳು. ಅದು ಅವಳ ಓದುವ ಕೋಣೆ. ಕಳೆದ ತಿಂಗಳೆಲ್ಲ ಅಹಲ್ಯಾ ಅಲ್ಲೇ ಕುಳಿತು ಕರಪತ್ರ ಮಡಚಿದ್ದಳು. ಆಗೆಲ್ಲ ಮೇಜಿನ ಎದುರಿನ ಗೋಡೆಯಲ್ಲಿ ಸನ್ಮಾನ ಪತ್ರ ತೂಗುತ್ತಿದ್ದುದನ್ನು ಕದ್ದು ಕದ್ದು ನೋಡಿ ಹಿಗ್ಗಿದ್ದಳು. ಇವತ್ತು ಅಲ್ಲಿ ಮೊಳೆ ಇತ್ತು, ಪತ್ರ ಇರಲಿಲ್ಲ.

"ಎಲ್ಲಮ್ಮಾ ಅದು?" ಎಂದಳು.

ಸ್ವಸ್ತಿಕಾ ತಿರುಗಿ ನೋಡಿ, ಮತ್ತೆ ಕಾಗದಗಳ ಕಡೆ ತಲೆ ಬಗ್ಗಿಸಿದಳು. "ಒಳಗಿಟ್ಟೆ ಆಂಟಿ. ಅದು ಎಲ್ಲರದ್ದೂ ಅಲ್ವಾ. ಇಟ್ಸ್ ಸಿಲ್ಲಿ. ಅದನ್ನ ಓದೋಕೆ ನಂಗೆ ಎರಡು ದಿನ ಹಿಡೀತು, ಗೊತ್ತಾ? ಒಂದೊಂದೇ ಅಕ್ಷರ ಕೂಡಿಸ್ಕೊಂಡು. 'ತಮ್ಮ ದನಿ' ಅಂತ ಇತ್ತಲ್ಲ, ಅದು ಆ ದಿನದ್ದು ಅಂದ್ಕೊಂಡಿದ್ದೆ. ನಾನು ಸ್ಟೇಜ್ ಮೇಲೆ ಫ್ರೀಝ್ ಆಗಿದ್ದು, ನೀವು ಹಿಂದೆ ಬಂದು ನಿಂತಿದ್ದು. ಕೋರ್ಟಲ್ಲಿ ಭಯ ಆದಾಗೆಲ್ಲ ಆ ಸಾಲು ಹೇಳ್ಕೋತಿದ್ದೆ."

"ಅದು ಆ ದಿನದ್ದೇ ಸ್ವಸ್ತಿಕಾ. ಆಣೆ ಮಾಡಿ ಹೇಳ್ತೀನಿ. ಆ ಸಾಲು ಮೊದಲು ನಿನಗೇ ಅಂತ ಬರ್ದಿದ್ದು. ಆಮೇಲೆ ಬಂದೋರಿಗೆ ನಾನು ಅಳಿಸದೆ ಹಾಗೇ ಬಿಟ್ಟೆ. ನಿನ್ನೆ ಸಭೇಲಿ ಅದನ್ನ ಹೇಳಿದ್ರೆ ಯಾರೂ ನಂಬೋದಿಲ್ಲ ಅಂತ ಹೇಳ್ಲಿಲ್ಲ."

ಸ್ವಸ್ತಿಕಾ ಕಾಗದಗಳ ಅಂಚು ಸಮ ಮಾಡಿದಳು. ಅಹಲ್ಯಾ ಒಂದು ಹೆಜ್ಜೆ ಮುಂದೆ ಬಂದಳು.

"ನಿನಗಿಂತ ಮೊದಲು ಸನ್ಮಾನ ಮಾಡಿದ ಡೆಂಟಿಸ್ಟ್ ಈಗ ಶೆಫೀಲ್ಡಲ್ಲಿದ್ದಾರೆ. ಅವರ ಪತ್ರದಲ್ಲಿ ಆ ಸಾಲು ಇರೋದಿಲ್ಲ. ನಾಳೇನೇ ಟ್ರೇನ್ ಹತ್ತಿ ಹೋಗಿ ಇಸ್ಕೊಂಡು ಬರ್ತೀನಿ. ನೀನೇ ನೋಡು. ಆಗ್ಲಾದ್ರೂ ನಂಬ್ತೀಯಲ್ಲ?"

ಸ್ವಸ್ತಿಕಾ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ತಲೆ ಒಂದಿಷ್ಟು ವಾಲಿತು.

"ಅಯ್ಯೋ, ಅದೆಲ್ಲ ಯಾಕೆ ಆಂಟಿ," ಎಂದಳು ಮೆತ್ತಗೆ. "ನಂಬ್ತೀನಿ. ಖಂಡಿತ ನಂಬ್ತೀನಿ."